ಹುಷಾರು: ಕಾಯಿಲೆ ರಜೆ ಮುಗಿಸಿ ಬಂದ ದಿನ ಕೊಡುವ ಕಾಗದಕ್ಕೆ ಸಹಿ ಹಾಕಬೇಡಿ

ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ ಅಕ್ಕತಂಗಿಯರೇ, ಅದರಲ್ಲೂ ಒಂದೇ ಕಂಪನಿಯಲ್ಲಿ ನಾಲ್ಕು ವರ್ಷ ದಾಟಿದವರೇ, ಇದನ್ನು ಪೂರ್ತಿ ಓದಿ. ಕಾಯಿಲೆ ಅಂತ ರಜೆ ಹಾಕಿ ವಾಪಸ್ ಹೋದ ದಿನ ನಿಮ್ಮನ್ನು ಗೇಟಿನಲ್ಲೇ ನಿಲ್ಲಿಸಿ ಎಚ್ಆರ್ ರೂಮಿಗೆ ಕಳಿಸಬಹುದು. ಅಲ್ಲಿ ಒಂದು ಹಾಳೆ ಕೊಟ್ಟು, "ಸುಮ್ನೆ ಫಾರ್ಮಾಲಿಟಿ ಅಮ್ಮ, ಸಹಿ ಹಾಕು, ನಾಳೆಯಿಂದ ಕೆಲಸಕ್ಕೆ ಬಾ" ಅನ್ನುತ್ತಾರೆ. ಆ ಹಾಳೆ ರಾಜೀನಾಮೆ ಪತ್ರ.

ನನಗೆ ಹೀಗಾದದ್ದು 2023ರ ಮಳೆಗಾಲದಲ್ಲಿ. ಕಂಪನಿ ಹೆಸರು ಬೇಡ, ಮೈಸೂರು ರಸ್ತೆ ಕಡೆಯದು ಅಂದರೆ ಸಾಕು. ಶರ್ಟ್ ಬ್ಯಾಚ್‌ನಲ್ಲಿ ಕಾಲರ್ ಕೂರಿಸುವ ಟೈಲರ್ ನಾನು. ಡೆಂಗಿ ಬಂತು. ಎದ್ದು ನಿಂತರೆ ಕಣ್ಣು ಕತ್ತಲೆ. ಸೂಪರ್‌ವೈಸರ್‌ಗೆ ಫೋನ್ ಮಾಡಿದರೆ, "ಶಿಪ್‌ಮೆಂಟ್ ಇರೋದು ಗೊತ್ತಿಲ್ವಾ? ಮಾತ್ರೆ ನುಂಗಿ ಬಂದು ಕೂತ್ಕೋ. ನಿನಗೊಬ್ಬಳಿಗೇನಾ ಜ್ವರ ಬರೋದು?" ಅಂದ. ನನಗಿಂತ ಹತ್ತು ವರ್ಷ ಚಿಕ್ಕವನು ಅವನು. ಆ ಫ್ಲೋರಿನಲ್ಲಿ ಬಹುವಚನ ಬಟ್ಟೆ ಕೊಳ್ಳುವ ಕಂಪನಿಯ ಬಾಯರ್‌ಗಳು ಬಂದಾಗ ಮಾತ್ರ ಕೇಳಿಸುತ್ತದೆ.

ರಜೆ ವಿಷಯದಲ್ಲಿ ಅಲ್ಲಿಯ ಲೆಕ್ಕವೇ ಬೇರೆ. ಆರ್ಡರ್ ಇಲ್ಲದ ದಿನ ಅವರೇ ಫ್ಯಾಕ್ಟರಿ ಮುಚ್ಚುತ್ತಾರೆ, ಅದಕ್ಕೆ ಬದಲು ಕಾಂಪ್ ಆಫ್ ಅಂತ ಭಾನುವಾರ ಕರೆಸುತ್ತಾರೆ. ನಮ್ಮ ಮನೆಯಲ್ಲಿ ಸಾವಾಗಲಿ, ಮಗುವಿಗೆ ಜ್ವರ ಬರಲಿ, ರಜೆ ಚೀಟಿ ತೆಗೆದುಕೊಂಡು ಮ್ಯಾನೇಜರ್ ಮುಂದೆ ಭಿಕ್ಷೆಗೆ ಬಂದವರ ಹಾಗೆ ನಿಲ್ಲಬೇಕು. ಆಗ ಇದ್ದ 1948ರ ಫ್ಯಾಕ್ಟರಿ ಕಾಯ್ದೆಯಲ್ಲಿ ವರ್ಷಕ್ಕೆ 240 ದಿನ ಕೆಲಸ ಮಾಡಿದವರಿಗೆ 20 ದಿನಕ್ಕೆ 1 ದಿನದಂತೆ ಸಂಬಳದ ರಜೆ ಇತ್ತು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆ ಜಾರಿಗೆ ಬಂದು ಆ 240 ದಿನ 180 ಆಗಿದೆ. ಕಾಗದದ ಮೇಲೆ ಚೆನ್ನಾಗಿಯೇ ಇದೆ. ಆದರೆ ಸೂಪರ್‌ವೈಸರ್ ಚೀಟಿ ತೆಗೆದುಕೊಂಡು ಜೇಬಿಗೆ ಹಾಕಿಕೊಂಡರೆ ನೀವು ರಜೆ ಕೇಳಿದ್ದಕ್ಕೆ ಸಾಕ್ಷಿ ಎಲ್ಲಿ? ಚೀಟಿ ಕೊಡುವ ಮುಂಚೆ ಮೊಬೈಲಿನಲ್ಲಿ ಫೋಟೊ ತೆಗೆದು ಅವನ ವಾಟ್ಸಾಪ್‌ಗೂ ಕಳಿಸಿಬಿಡಿ. ಉತ್ತರ ಕೊಡದಿದ್ದರೂ ಪರವಾಗಿಲ್ಲ, ತಾರೀಖು ಉಳಿಯುತ್ತದೆ.

ನಾನು ಇಎಸ್ಐ (ಕಾರ್ಮಿಕರ ಸರ್ಕಾರಿ ವಿಮೆ) ಡಿಸ್ಪೆನ್ಸರಿಗೆ ಹೋಗಿ ಅಲ್ಲಿಯ ಡಾಕ್ಟರಿಂದಲೇ ಸರ್ಟಿಫಿಕೇಟ್ ಬರೆಸಿಕೊಂಡೆ. ಇದು ಮುಖ್ಯ. ಬೀದಿ ಕೊನೆಯ ಕ್ಲಿನಿಕ್ಕಿನ ಚೀಟಿ ಮಾತ್ರ ಇದ್ದರೆ ಜಗಳ ಜಾಸ್ತಿ. ಕ್ಯೂ ಉದ್ದ, ಜ್ವರದಲ್ಲಿ ನಿಲ್ಲುವುದು ಕಷ್ಟ, ಒಪ್ಪುತ್ತೇನೆ. ಆದರೂ ಯಾರನ್ನಾದರೂ ಜೊತೆ ಮಾಡಿಕೊಂಡು ಹೋಗಿ. ನಮ್ಮ ಸಂಬಳದಿಂದ ಶೇ 0.75 ಹಿಡಿಯುತ್ತಾರೆ, ಕಂಪನಿ ಶೇ 3.25 ಕಟ್ಟುತ್ತದೆ. ಆ ದುಡ್ಡು ಇರುವುದೇ ಇದಕ್ಕೆ. ಆರು ತಿಂಗಳ ಅವಧಿಯಲ್ಲಿ 78 ದಿನದ ಚಂದಾ ಕಟ್ಟಿದ್ದರೆ, ಕಾಯಿಲೆ ದಿನಗಳಿಗೆ ಸಂಬಳದ ಶೇ 70 ನೇರ ಬ್ಯಾಂಕಿಗೆ ಬರುತ್ತದೆ, ವರ್ಷಕ್ಕೆ 91 ದಿನದವರೆಗೆ. ಮೊದಲ ಎರಡು ದಿನಕ್ಕೆ ಸಾಮಾನ್ಯವಾಗಿ ಸಿಗುವುದಿಲ್ಲ. ಕೊನೆಯಲ್ಲಿ ಫಿಟ್‌ನೆಸ್ ಸರ್ಟಿಫಿಕೇಟ್ ಬರೆಸಿಕೊಳ್ಳುವುದನ್ನು ಮರೆಯಬೇಡಿ.

ಅದನ್ನು ಹಿಡಿದುಕೊಂಡೇ ನಾನು ಗೇಟಿಗೆ ಹೋದದ್ದು. ಕಾರ್ಡ್ ಬ್ಲಾಕ್ ಆಗಿದೆ ಅಂದ ಸೆಕ್ಯೂರಿಟಿ. ಎಚ್ಆರ್ ರೂಮಿನಲ್ಲಿ ಸರ್ಟಿಫಿಕೇಟ್ ಮುಟ್ಟಿಯೂ ನೋಡಲಿಲ್ಲ. "ಹೇಳದೆ ಕೇಳದೆ ಹೋಗಿದ್ದೀಯ, ಸಿಸ್ಟಮ್‌ನಲ್ಲಿ ಲೆಫ್ಟ್ ಅಂತ ತೋರಿಸ್ತಿದೆ. ಇದಕ್ಕೆ ಸಹಿ ಹಾಕು. ಹೊಸ ಟೋಕನ್ ನಂಬರ್ ಕೊಡ್ತೀವಿ, ಸಂಬಳ ಅದೇ. ಪಿಎಫ್ ಬೇಕಾದ್ರೂ ತೆಗೆದುಕೋಬಹುದು." ಹಾಳೆ ಪೂರ್ತಿ ಇಂಗ್ಲಿಷಿನಲ್ಲಿತ್ತು. ತಾರೀಖಿನ ಜಾಗ ಖಾಲಿ.

ನನ್ನ ಪುಣ್ಯಕ್ಕೆ ಪಕ್ಕದ ಮಷೀನಿನ ಅಕ್ಕ ಮೊದಲೇ ಎಚ್ಚರಿಸಿದ್ದರು. ಗರ್ಭಕೋಶದ ಆಪರೇಷನ್ ಆಗಿ ಬಂದಾಗ ಅವರಿಂದ ಇದೇ ಥರ ಸಹಿ ಹಾಕಿಸಿಕೊಂಡಿದ್ದರು. ಆಗ ಅವರಿಗೆ ಐದು ವರ್ಷ ತುಂಬಲು ಕೆಲವೇ ತಿಂಗಳು ಬಾಕಿ. ಹೊಸ ಟೋಕನ್, ಅಂದರೆ ಹೊಸ ಹಾಜರಿ ನಂಬರ್, ಬಂದ ದಿನದಿಂದ ಕಂಪನಿ ಲೆಕ್ಕದಲ್ಲಿ ಅವರು ಹೊಸಬರು. ಐದು ವರ್ಷ ತುಂಬಿದವರಿಗೆ ಕೆಲಸ ಬಿಡುವಾಗ ಗ್ರಾಚ್ಯುಟಿ ಅಂತ ಒಂದು ಗಂಟು ಕೊಡಬೇಕಲ್ವಾ, ಕತ್ತರಿ ಬಿದ್ದದ್ದು ಅದಕ್ಕೆ. ಮೂಲವೇತನ, ಡಿಎ (ತುಟ್ಟಿಭತ್ಯೆ) ಸೇರಿ ತಿಂಗಳಿಗೆ 13,000 ಅಂತ ಇಟ್ಟುಕೊಳ್ಳಿ. ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ಒಂದು ವರ್ಷಕ್ಕೆ 7,500. ಐದು ವರ್ಷಕ್ಕೆ 37,500. ಒಂದು ಸಹಿಗೆ ಅಷ್ಟೂ ಹೋಗುತ್ತದೆ. ಫ್ಲೋರಿನಲ್ಲಿ ಇಂಥವರು ಎಷ್ಟು ಜನ ಇದ್ದಾರೋ, ಲೆಕ್ಕ ಹಾಕಿಕೊಳ್ಳಿ.

ಪಿಎಫ್ ಆಸೆ ತೋರಿಸುವುದು ಸುಮ್ಮನೆ ಅಲ್ಲ. ಮಕ್ಕಳ ಫೀಸು, ಮನೆ ಬಾಡಿಗೆಯ ಅಡ್ವಾನ್ಸು, ಊರಿನ ಸಾಲ ಎಲ್ಲಕ್ಕೂ ನಮಗಿರುವುದು ಅದೊಂದೇ ಗಂಟು. ಪಿಎಫ್ ತೆಗೆಯುವ ನಿಯಮ ಬಿಗಿ ಮಾಡಿದಾಗ 2016ರ ಏಪ್ರಿಲ್‌ನಲ್ಲಿ ಹೊಸೂರು ರಸ್ತೆ, ಮೈಸೂರು ರಸ್ತೆ ಬಂದ್ ಮಾಡಿ ಕುಳಿತವರು ಗಾರ್ಮೆಂಟ್ಸ್ ಹೆಂಗಸರೇ. ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತೆಗೆದುಕೊಂಡಿತು. ಆ ದುಡ್ಡಿಗೆ ನಮ್ಮ ಜೀವ ಎಷ್ಟು ಅಂಟಿಕೊಂಡಿದೆ ಅಂತ ಎಚ್ಆರ್‌ನವರಿಗೆ ನಮಗಿಂತ ಚೆನ್ನಾಗಿ ಗೊತ್ತು.

"ಸರ್, ಇದರ ಜೆರಾಕ್ಸ್ ಕೊಡಿ, ಮನೆಯಲ್ಲಿ ಓದಿಸಿ ತರ್ತೀನಿ" ಅಂದೆ. ಕೊಡಲಿಲ್ಲ. ನಾನೂ ಸಹಿ ಹಾಕಲಿಲ್ಲ. ಯೂನಿಯನ್‌ನ ಅಕ್ಕ ಒಬ್ಬರು ಕೂತು ಪತ್ರ ಬರೆಸಿದರು: ಕೆಲಸಕ್ಕೆ ಬಂದಿದ್ದೇನೆ, ಸರ್ಟಿಫಿಕೇಟ್ ಇದೆ, ನೀವು ಒಳಗೆ ಬಿಡುತ್ತಿಲ್ಲ, ಅಷ್ಟೇ. ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಂಡೆ. ನಕಲು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಯಿತು. ಆಗ ಜಾರಿಯಲ್ಲಿದ್ದ ಇಎಸ್ಐ ಕಾಯ್ದೆಯ 73ನೇ ಸೆಕ್ಷನ್ ಪ್ರಕಾರ ಕಾಯಿಲೆ ಭತ್ಯೆಯಲ್ಲಿರುವವರನ್ನು ಆ ಅವಧಿಯಲ್ಲಿ ಕೆಲಸದಿಂದ ತೆಗೆಯುವಂತಿಲ್ಲ, ಶಿಕ್ಷೆ ಕೊಡುವಂತಿಲ್ಲ ಅಂತಲೂ ಪತ್ರದಲ್ಲಿ ಬರೆಸಿದ್ದರು. ವಾರ ಕಳೆಯುವುದರೊಳಗೆ ಅದೇ ಹಳೆ ಟೋಕನ್‌ಗೆ ಕರೆದರು.

ಕರೆದರು, ಆದರೆ ಸುಮ್ಮನೆ ಬಿಡಲಿಲ್ಲ. ಕಾಲರ್‌ನಿಂದ ತೆಗೆದು ಕೈ ಕೂರದ ಬೇರೆ ಹೊಲಿಗೆ ಆಪರೇಷನ್‌ಗೆ ಹಾಕಿದರು. ಗಂಟೆಗೊಮ್ಮೆ ಪೀಸ್ ಎಣಿಸಿ ಎಲ್ಲರ ಮುಂದೆ ಕೂಗುತ್ತಿದ್ದರು. ಬಾತ್‌ರೂಮಿಗೆ ಹೋದರೆ ಹಿಂದೆಯೇ ಫ್ಲೋರ್ ಇನ್‌ಚಾರ್ಜ್. ಹಾಜರಿ ಬೋನಸ್ ಹೋಯಿತು. ಸಹಿ ಹಾಕದಿದ್ದರೆ ಎಲ್ಲ ಸರಿಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ. ಇಂಥ ದಿನಗಳು ಬರುತ್ತವೆ, ಅದಕ್ಕೂ ತಯಾರಿರಿ. ಐದು ವರ್ಷ ತುಂಬುವವರೆಗೂ ಹಲ್ಲು ಕಚ್ಚಿಕೊಂಡಿದ್ದು, ಆಮೇಲೆ ನನ್ನ ಕೈಯಾರೆ ಕನ್ನಡದಲ್ಲಿ ರಾಜೀನಾಮೆ ಬರೆದುಕೊಟ್ಟು ಹೊರಬಂದೆ. ಗ್ರಾಚ್ಯುಟಿ ಬಂತು, ಸ್ವಲ್ಪ ಸತಾಯಿಸಿಯೇ ಕೊಟ್ಟರು.

ಈಗಾಗಲೇ ಸಹಿ ಹಾಕಿದವರು ಕೈ ಚೆಲ್ಲಬೇಡಿ. ಟೋಕನ್ ಬದಲಾದರೂ ಇಎಸ್ಐ ನಂಬರ್ ಮತ್ತು ಪಿಎಫ್‌ನ ಯುಎಎನ್ (ಪಿಎಫ್ ಖಾತೆಯ ಕಾಯಂ ನಂಬರ್) ಬದಲಾಗುವುದಿಲ್ಲ. ಅದೇ ಕಂಪನಿಯಿಂದ ತಿಂಗಳು ತಪ್ಪದೆ ಚಂದಾ ಕಟ್ಟಿದ್ದು ಅಲ್ಲಿ ಕಾಣುತ್ತದೆ. ಪಾಸ್‌ಬುಕ್ ಪ್ರಿಂಟ್ ತೆಗೆಸಿ. ಹಳೆಯ ಪೇಸ್ಲಿಪ್, ಎರಡೂ ಐಡಿ ಕಾರ್ಡಿನ ಫೋಟೊ, ಆಸ್ಪತ್ರೆ ಚೀಟಿ ಎಲ್ಲ ಒಂದು ಕವರಿಗೆ ಹಾಕಿ ಯೂನಿಯನ್‌ನವರಿಗೋ ಕಾರ್ಮಿಕ ಇಲಾಖೆಯ ಅಧಿಕಾರಿಗೋ ತೋರಿಸಿ. ಪಕ್ಕದ ಮಷೀನಿನ ಅಕ್ಕ ಹಾಗೇ ದೂರು ಕೊಟ್ಟಿದ್ದಾರೆ. ವಿಚಾರಣೆ ಇನ್ನೂ ನಡೆಯುತ್ತಿದೆ.