ಲೋವರ್ ಬ್ರಾಕ್‌ಹ್ಯಾಂಪ್ಟನ್: ಕಂದಕದ ನಡುವೆ ಉಳಿದುಕೊಂಡ ಮನೆ

ಇಂಗ್ಲೆಂಡಿನ ಹೆರಿಫೋರ್ಡ್‌ಶೈರಿನಲ್ಲಿ, ಬ್ರೋಮ್‌ಯಾರ್ಡ್ ಪಟ್ಟಣದ ಹತ್ತಿರ ಇರುವ ಲೋವರ್ ಬ್ರಾಕ್‌ಹ್ಯಾಂಪ್ಟನ್ ಮನೆ 1946ರಲ್ಲಿ, ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಕೈಸೇರಿತು. ಮಧ್ಯಯುಗದ ಹಳ್ಳಿಗಾಡಿನ ಬದುಕಿನಲ್ಲಿ ಆಸಕ್ತಿ ಇರುವವರು ಇದಕ್ಕಾಗಿ ಒಂದು ಇಡೀ ದಿನವನ್ನು ಎತ್ತಿಡಬೇಕು.

ಕಂದಕ ಎಂದೊಡನೆ ನಮ್ಮ ಮನಸ್ಸು ಕೋಟೆಯತ್ತ, ಮುತ್ತಿಗೆಯತ್ತ ಹೋಗುತ್ತದೆ. ಆದರೆ ಇಲ್ಲಿ ನೀರಿನ ಮೇಲೆ ನಿಂತಿರುವ, ಹದಿನಾರನೆಯ ಶತಮಾನದ ಹೆಬ್ಬಾಗಿಲ ಕಟ್ಟಡವನ್ನು ಹತ್ತಿರದಿಂದ ನೋಡಿದರೆ ಆ ಎಣಿಕೆ ನಿಲ್ಲುವುದಿಲ್ಲ. ಅದು ಕಲ್ಲಿನದಲ್ಲ, ಓಕ್ ಮರದ ಚೌಕಟ್ಟಿನ ನಡುವೆ ತೆಳುವಾದ ಗೋಡೆ ತುಂಬಿಸಿ, ಮೇಲಂತಸ್ತನ್ನು ಹೊರಕ್ಕೆ ಚಾಚಿ ಕಟ್ಟಿದ ಪುಟ್ಟ ಕಟ್ಟಡ. ಶತಮಾನಗಳ ಭಾರಕ್ಕೆ ಅದರ ಕಂಬಗಳು ವಾಲಿವೆ, ಆದರೂ ಮರದ ಗೂಟ ಹೊಡೆದು ಬಿಗಿದ ಕೀಲುಗಳು ಇಂದಿಗೂ ಹಿಡಿತ ಬಿಟ್ಟಿಲ್ಲ. ಬೆಂಕಿಯನ್ನಾಗಲಿ ಕೊಡಲಿಯನ್ನಾಗಲಿ ತಡೆಯಲಾರದ ಈ ಬಾಗಿಲು ಬಂದವರಿಗೆ ಮನೆಯೊಡೆಯನ ಅಂತಸ್ತನ್ನು ತೋರಿಸಲು ನಿಂತದ್ದು. ಅದನ್ನು ದಾಟಿ, ಮಧ್ಯಯುಗದ ಕೊನೆಯಲ್ಲಿ ಕಟ್ಟಿದ ಹಜಾರದೊಳಗೆ ಹೋಗಿ ತಲೆಯೆತ್ತಿದರೆ ನಡುವೆ ಅಟ್ಟವಿಲ್ಲದೆ ಸೂರಿನವರೆಗೂ ಕಣ್ಣು ಹಾಯುತ್ತದೆ.

ಇಂಗ್ಲೆಂಡಿನಲ್ಲಿ ಇಂತಹ ಸುಮಾರು 6,000 ಕಂದಕದ ನೆಲೆಗಳು ಗುರುತಾಗಿವೆ. ಹೆಚ್ಚಿನವು 1250ರಿಂದ 1350ರ ನಡುವೆ ಆದವು, ದೇಶದ ಮಧ್ಯ ಮತ್ತು ಪೂರ್ವ ಭಾಗಗಳಲ್ಲಿ ಅವು ದಟ್ಟವಾಗಿವೆ. ಜೇಡಿಮಣ್ಣಿನ ನೆಲದಲ್ಲಿ ತೋಡಿದ ಹಳ್ಳ ನೀರನ್ನು ತಾನೇ ಹಿಡಿದಿಡುತ್ತಿತ್ತು; ತೋಡಿದ ಮಣ್ಣನ್ನು ಒಳಗೆ ಹರಡಿ ಮನೆಯ ಜಾಗವನ್ನು ತೇವದಿಂದ ಮೇಲೆತ್ತಬಹುದಿತ್ತು, ನೀರಿನಲ್ಲಿ ಮೀನು ಸಾಕಬಹುದಿತ್ತು. ಪ್ರಭುಗಳಲ್ಲದೆ, ಕಾಡು ಕಡಿದು ಹೊಸದಾಗಿ ಸಾಗುವಳಿಗೆ ತಂದ ಜಮೀನಿನಲ್ಲಿ ಅನುಕೂಲಸ್ಥ ರೈತರೂ ದೊಡ್ಡವರನ್ನು ನೋಡಿ ಕಂದಕ ತೋಡಿಸಿಕೊಂಡರು. ಆ ನೆಲೆಗಳಲ್ಲಿ ಬಹುಪಾಲು ಕಡೆ ಇಂದು ಮನೆಯ ಗುರುತೇ ಇಲ್ಲ. ಹುಲ್ಲುಗಾವಲಿನ ನಡುವೆ ಪೊದೆ ಬೆಳೆದ, ಅರ್ಧ ಹೂಳು ತುಂಬಿದ ಚೌಕಾಕಾರದ ತಗ್ಗು ಮಾತ್ರ ಕಾಣುತ್ತದೆ. ಕಂದಕ, ಹೆಬ್ಬಾಗಿಲು, ಹಜಾರ ಮೂರೂ ಒಟ್ಟಿಗೆ ಉಳಿದಿರುವುದೇ ಈ ಸ್ಥಳದ ಹೆಚ್ಚುಗಾರಿಕೆ.

ಪಕ್ಕದಲ್ಲೇ ಇರುವ, ಚಾವಣಿಯಿಲ್ಲದ ಹಳೆಯ ಪ್ರಾರ್ಥನಾಮಂದಿರವನ್ನೂ ಬಿಡಬೇಡಿ. ಒಡೆಯನ ಮನೆ, ದೇವರ ಮನೆ, ಸುತ್ತಲಿನ ಹೊಲತೋಟಗಳು ಒಂದಕ್ಕೊಂದು ಹೇಗೆ ಹೊಂದಿಕೊಂಡಿದ್ದವೆಂಬುದು ಅಲ್ಲಿ ನಿಂತಾಗ ಸ್ಪಷ್ಟವಾಗುತ್ತದೆ. ಮನೆಯೊಳಗೆ ಹೋಗುವ ಮೊದಲು ನೀರಿನ ಅಂಚಿನಲ್ಲಿ ಒಮ್ಮೆ ನಿಧಾನವಾಗಿ ನಡೆಯಿರಿ. ಗಾಳಿಯಿಲ್ಲದ ಹೊತ್ತಿನಲ್ಲಿ ಆ ವಾಲಿದ ಹೆಬ್ಬಾಗಿಲು ಕಂದಕದಲ್ಲಿ ತಲೆಕೆಳಗಾಗಿ ಪೂರ್ತಿ ಮೂಡುತ್ತದೆ.