ಕೆಲಸ ಕಳೆದುಕೊಂಡವರಿಗೆ 14416 ಎಷ್ಟು ಆಸರೆ? ಟೆಲಿ ಮಾನಸ್ ವಿಮರ್ಶೆ

ಕೆಲಸ ಹೋದ ಮನೆಯಲ್ಲಿ ಖಿನ್ನತೆಯನ್ನು ಯಾರೂ ಆ ಹೆಸರಿನಿಂದ ಕರೆಯುವುದಿಲ್ಲ. ಎದೆ ಡವಡವ, ತಲೆಭಾರ, ಬೆಳಗಿನ ಜಾವ ಮೂರಕ್ಕೇ ಎಚ್ಚರ, ಉಂಡದ್ದು ರುಚಿಸದು. ಶಕ್ತಿ ಇಂಜೆಕ್ಷನ್ನು, ಗ್ಲೂಕೋಸ್ ಬಾಟಲಿ ಅಂತ ಇದ್ದಬದ್ದ ದುಡ್ಡೂ ಖಾಲಿಯಾಗುತ್ತದೆ. ಅಂಥವರಿಗೆ ಮೊದಲ ಬಾಗಿಲಾಗಿ ಟೆಲಿ ಮಾನಸ್ ಅನ್ನು ಧೈರ್ಯವಾಗಿ ಹೇಳಬಹುದು. 2022ರ ಅಕ್ಟೋಬರ್ 10ರಂದು ಶುರುವಾದ ಕೇಂದ್ರ ಸರ್ಕಾರದ ಸೇವೆ ಇದು. ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. 14416 ಒತ್ತಿ ಕನ್ನಡ ಆರಿಸಿಕೊಂಡರೆ ಆಪ್ತಸಮಾಲೋಚಕರು ಸಿಗುತ್ತಾರೆ, ಅಗತ್ಯ ಕಂಡರೆ ಮನೋವೈದ್ಯರಿಗೆ ದಾಟಿಸುತ್ತಾರೆ. ಕರೆಗೆ ಕಾಸಿಲ್ಲ. ರಾತ್ರಿ ಹತ್ತಕ್ಕೂ ಮಾತಾಡಬಹುದಾದ್ದರಿಂದ ದಿನಗೂಲಿಯವರಿಗೆ ಒಂದು ಹಾಜರಿಯೂ ತಪ್ಪುವುದಿಲ್ಲ.

ಎಡವುವುದು "ನಿದ್ದೆ ಬರ್ತಿಲ್ಲ" ಎಂದಷ್ಟೇ ಹೇಳಿ ಸುಮ್ಮನಾದಾಗ. ಆ ಕಡೆಯವರಿಗೆ ಮುಖ ಕಾಣುವುದಿಲ್ಲ. ಮಲಗುವ ಹೊತ್ತು, ಕಾಫಿ-ಟೀ ಬಗ್ಗೆ ನಾಲ್ಕು ಮಾತಿಗೇ ಕರೆ ಮುಗಿದುಬಿಡಬಹುದು. ಎಷ್ಟು ವಾರದಿಂದ ಹೀಗಿದೆ (ಎರಡು ದಾಟಿದ್ದರೆ ತಪ್ಪದೆ ಹೇಳಿ), ಕೆಲಸ ಯಾವಾಗ ಹೋಯಿತು, ಸಂಘದ ಕಂತು ಎಷ್ಟು ಬಾಕಿ, ಕುಡಿತ ಹೆಚ್ಚಿದೆಯೇ, ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು. ಸಾಯುವ ಯೋಚನೆ ಬರುತ್ತಿದ್ದರೆ ಅದೇ ಮೊದಲ ಮಾತಾಗಲಿ.

ಆದರೆ ಫೋನಿನಲ್ಲಿ ಸಾಲ ತೀರುವುದಿಲ್ಲ, ಕೆಲಸ ಹುಟ್ಟುವುದಿಲ್ಲ. ಕುಗ್ಗಿದ ಮನಸ್ಸು ಕೆಲಸ ಕೇಳಿಕೊಂಡು ಹೋಗಲು ಬಿಡದು, ಕೆಲಸವಿಲ್ಲದೆ ಅದು ಇನ್ನಷ್ಟು ಕುಗ್ಗುತ್ತದೆ. ಹಾಗಾಗಿ ದುಡ್ಡಿನ ದಾರಿಯನ್ನೂ ಜೊತೆಗೇ ನೋಡಬೇಕು. ಪಾಸಾಗಿ 180 ದಿನವಾದರೂ ಕೆಲಸ ಸಿಗದವರಿಗೆ ಯುವನಿಧಿ ಇದೆ: ಪದವೀಧರರಿಗೆ ತಿಂಗಳಿಗೆ ₹3,000, ಡಿಪ್ಲೊಮಾದವರಿಗೆ ₹1,500, ಗರಿಷ್ಠ ಎರಡು ವರ್ಷ.

ಮಾತ್ರೆ ಬೇಕಾದರೆ ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಮನೋಚೈತನ್ಯ ಕ್ಲಿನಿಕ್. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಕೇಳಿಕೊಂಡೇ ಹೊರಡಿ, ಇಲ್ಲದಿದ್ದರೆ ಅವತ್ತಿನ ಕೂಲಿ ದಂಡ. ಖಿನ್ನತೆಯ ಮಾತ್ರೆ ಹಿಡಿಯಲು ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರ ಗುಣಕ್ಕಿಂತ ಹೊಟ್ಟೆ ತೊಳಸುವುದೇ ಹೆಚ್ಚು. ಬಹಳ ಮಂದಿ ಬಿಡುವುದು ಅಲ್ಲೇ. ಗೆಲುವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕು, ನಿಲ್ಲಿಸುವುದಾದರೆ ವೈದ್ಯರು ಹೇಳಿದ ಹಾಗೆ ಇಳಿಸುತ್ತಾ ಬರಬೇಕು. ತಿಂಗಳಿಗಾಗುವಷ್ಟು ಒಟ್ಟಿಗೆ ಕೇಳಿದರೆ ಓಡಾಟ ಉಳಿಯುತ್ತದೆ. ಸಾಯುವ ಯೋಚನೆ ಇದ್ದವರ ಮಾತ್ರೆ ಮಾತ್ರ ಮನೆಯವರ ಕೈಯಲ್ಲಿರಲಿ.

ಬಿಪಿಎಲ್ ಕಾರ್ಡ್ ಇಲ್ಲವೆಂದು ಹಿಂದೆ ಸರಿಯಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 18ನೇ ಕಲಂ ಪ್ರಕಾರ ಬಡತನ ರೇಖೆಗಿಂತ ಕೆಳಗಿರುವವರಿಗೆ, ಕಾರ್ಡ್ ಇರಲಿ ಇಲ್ಲದಿರಲಿ, ಸರ್ಕಾರಿ ಮಾನಸಿಕ ಚಿಕಿತ್ಸೆ ಉಚಿತ. ಕೌಂಟರಿನಲ್ಲಿ ದುಡ್ಡು ಕೇಳಿದರೆ ಈ ಕಲಮಿನ ಸಂಖ್ಯೆ ಹೇಳಿ.