ಡ್ರೋನ್ ಹಾರಿಸಲು ಚಾಮುಂಡಿ ಬೆಟ್ಟವೋ, ತೊಣ್ಣೂರು ಕೆರೆಯೋ?

ಮೈಸೂರಿಗೆ ಬಂದವರ ಕಣ್ಣು ಮೊದಲು ಬೀಳುವುದು ಚಾಮುಂಡಿ ಬೆಟ್ಟದ ಮೇಲೆ. ಆದರೆ ಮಂಡಕಳ್ಳಿ ವಿಮಾನ ನಿಲ್ದಾಣ ಅಲ್ಲಿಂದ 8 ಕಿ.ಮೀ. ಒಳಗೇ ಇದೆ. 2021ರ ಡ್ರೋನ್ ನಿಯಮದಂತೆ ಬೆಟ್ಟ ಇರುವುದು ಹಳದಿ ವಲಯದಲ್ಲಿ. ವಾಯು ಸಂಚಾರ ನಿಯಂತ್ರಣದವರ ಅನುಮತಿ ಬೇಕು. ಒಂದು ದಿನದ ಪ್ರವಾಸದಲ್ಲಿ ಆಗುವ ಮಾತಲ್ಲ.

ಪಾಂಡವಪುರದ ಕಡೆಯ ತೊಣ್ಣೂರು ಕೆರೆ ನಿಲ್ದಾಣದಿಂದ 30 ಕಿ.ಮೀ.ಗೂ ಆಚೆ. ಗುಡ್ಡಗಳ ನಡುವೆ ತಿಳಿನೀರು, ಸುತ್ತ ಗದ್ದೆ, ಕಬ್ಬು. ಎಳೆಬಿಸಿಲಲ್ಲಿ ಮೇಲಿನಿಂದ ಕಂಡರೆ ಮನಸ್ಸು ತುಂಬುತ್ತದೆ. ನನ್ನ ಆಯ್ಕೆ ಇದೇ. ಹೊರಡುವ ದಿನವೇ ಡ್ರೋನ್ ವಲಯಗಳನ್ನು ಬಣ್ಣದಲ್ಲಿ ತೋರಿಸುವ ಸರ್ಕಾರದ ಆನ್‌ಲೈನ್ ನಕ್ಷೆ ‘ಡಿಜಿಟಲ್ ಸ್ಕೈ’ ನೋಡಿ. ಹಸಿರು ವಲಯವಿದ್ದರೆ 400 ಅಡಿವರೆಗೆ ಏರಿಸಬಹುದು. ದೇವಸ್ಥಾನದ ಮೇಲೆ, ಜನರ ತಲೆಯ ಮೇಲೆ ಬೇಡ.

ದಾರಿಯಲ್ಲೇ ಇದೆಯಲ್ಲ ಎಂದು ರಂಗನತಿಟ್ಟಿನಲ್ಲಿ ಮಾತ್ರ ಡ್ರೋನ್ ಹೊರಗೆ ತೆಗೆಯಲೇಬೇಡಿ. ಸದ್ದಿಗೆ ಬೆದರಿದ ಹಕ್ಕಿ ಮೊಟ್ಟೆ ಬಿಟ್ಟು ಎದ್ದುಬಿಡುತ್ತದೆ.